ಮಿದುಳಿನ ದ್ರವ ಕುತ್ತಿಗೆಗೆ ಇಳಿಯುವ ದಾರಿ

ವಯಸ್ಕರ ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದಿರುವ ದ್ರವ ಸುಮಾರು 150 ಮಿ.ಲೀ. ಆದರೆ ದಿನವೊಂದಕ್ಕೆ ಹೊಸದಾಗಿ ಒಸರುವುದು ಹತ್ತಿರಹತ್ತಿರ 500 ಮಿ.ಲೀ. ಹಾಗಾದರೆ ಹಳೆಯದು ಹೋಗುವುದೆಲ್ಲಿಗೆ? ವೈದ್ಯಶಾಸ್ತ್ರ ಬಹುಕಾಲ ಇದಕ್ಕೆ ಅರ್ಧ ಉತ್ತರವನ್ನೇ ಪೂರ್ತಿ ಎಂದು ನಂಬಿತ್ತು.

ಇಟಲಿಯ ಪಾವೊಲೊ ಮಸ್ಕಾಗ್ನಿ 1787ರಲ್ಲೇ ಮಿದುಳಿನ ಹೊರಪೊರೆಯಲ್ಲಿ ದುಗ್ಧನಾಳಗಳು (ಅಂಗಾಂಶಗಳಲ್ಲಿ ಉಳಿದ ದ್ರವವನ್ನು ರಕ್ತಕ್ಕೆ ಮರಳಿಸುವ ನಾಳಗಳು) ಇವೆ ಎಂದಿದ್ದರು. ಯಾರೂ ಕಿವಿಗೊಡಲಿಲ್ಲ. 1869ರಲ್ಲಿ ಜರ್ಮನಿಯ ಗುಸ್ಟಾವ್ ಶ್ವಾಲ್ಬೆ ನಾಯಿಗಳ ಮಿದುಳಿನ ಸುತ್ತಲಿನ ದ್ರವಕ್ಕೆ ಸೇರಿಸಿದ ನೀಲಿ ಬಣ್ಣ ದುಗ್ಧನಾಳಗಳಲ್ಲಿ ಕಾಣಿಸಿತು. ಮುಂದೆ ಸ್ವೀಡನ್ನಿನ ಕೀ ಮತ್ತು ರೆಟ್ಸಿಯಸ್ ಶವಗಳ ಮೇಲೆ ಪ್ರಯೋಗ ನಡೆಸಿ, ಹೊರಪೊರೆಯ ಸಿರೆಗಳಿಗೂ ದಾರಿಯಿದೆ ಎಂದು ತೋರಿಸಿದರು. 1914ರಲ್ಲಿ ಅಮೆರಿಕದ ಲೂಯಿಸ್ ವೀಡ್ ಸಿರೆಯದ್ದೇ ಹೆದ್ದಾರಿ ಎಂದರು. ಪಠ್ಯಪುಸ್ತಕಗಳು ಅದನ್ನೇ ಹಿಡಿದುಕೊಂಡವು. 1980ರ ದಶಕದಲ್ಲಿ ಹೆಲೆನ್ ಸರ್ ಮತ್ತು ಮೈಕೆಲ್ ಬ್ರಾಡ್‌ಬರಿ, ಮೊಲಗಳ ಮಿದುಳಿಗೆ ಹಾಕಿದ ವಿಕಿರಣಶೀಲ ಆಲ್ಬುಮಿನ್ ಎಂಬ ಪ್ರೋಟೀನಿನ ಗಣನೀಯ ಪಾಲು ಕುತ್ತಿಗೆಯ ದುಗ್ಧನಾಳಗಳ ರಸದಲ್ಲಿ ಸಿಗುವುದನ್ನು ಅಳೆದು ತೋರಿಸಿದರು. ಮೂಗಿನ ಮೇಲಿನ ಜರಡಿಯಂಥ ಎಲುಬಿನ ತೂತುಗಳಲ್ಲಿ ವಾಸನೆಯ ನರಗಳು ಇಳಿಯುತ್ತವಲ್ಲ, ಅವುಗಳ ಅಂಚಿನಲ್ಲೇ ದ್ರವವೂ ಇಳಿಯುತ್ತದೆ.

ಹೊರಪೊರೆಯ ನಾಳಗಳು ಇಷ್ಟು ಕಾಲ ಕಣ್ತಪ್ಪಿದ್ದಕ್ಕೆ ಕೊಯ್ಯುವ ಕ್ರಮವೂ ಕಾರಣ. ತಲೆಬುರುಡೆ ಬಿಚ್ಚಿ ಮಿದುಳನ್ನು ತೆಗೆದರೆ ಹೊರಪೊರೆ ಬುರುಡೆಗೇ ಅಂಟಿಕೊಂಡು ಉಳಿಯುತ್ತದೆ, ಎಳೆದರೆ ಹರಿಯುತ್ತದೆ. 2015ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಆಂಟ್ವಾನ್ ಲುವೊ ಇಲಿಯ ಪೊರೆಯನ್ನು ಬುರುಡೆಗೆ ಅಂಟಿದ್ದಂತೆಯೇ ರಾಸಾಯನಿಕದಲ್ಲಿ ಗಟ್ಟಿಮಾಡಿ, ಆಮೇಲೆ ಇಡಿಯಾಗಿ ಸುಲಿದು ಬಣ್ಣ ಹಾಕಿದರು. ಸಿರೆಗಳ ಪಕ್ಕದಲ್ಲೇ ದುಗ್ಧನಾಳಗಳು ಸಾಲಾಗಿ ಕಂಡವು. ಅದೇ ವರ್ಷ ಫಿನ್ಲೆಂಡಿನ ತಂಡವೂ ಇದನ್ನೇ ಕಂಡಿತು.

2017ರಲ್ಲಿ ಎಂಆರ್‌ಐಯಲ್ಲಿ ಮನುಷ್ಯರಲ್ಲೂ ಇವು ಕಂಡವು. ಪಕ್ಕದ ರಕ್ತನಾಳದ ಹೊಳಪಿನಲ್ಲಿ ದುಗ್ಧನಾಳ ಮುಚ್ಚಿಹೋಗದಿರಲೆಂದು ರಕ್ತವನ್ನು ಕಪ್ಪಾಗಿಸುವ ವಿಧಾನ ಬಳಸಿದ್ದರು. ಆದರೆ ನಾಳಗಳು ಹೊಳೆದು ಕಾಣಲೆಂದು ರಕ್ತಕ್ಕೆ ಚುಚ್ಚಿದ್ದ ವಸ್ತು ಅಲ್ಲಿಗೆ ಬಂದದ್ದು ರಕ್ತದಿಂದ ಸೋರಿ, ಮಿದುಳಿನ ದ್ರವದಿಂದಲ್ಲ. ಹಾಗಾಗಿ ನಾಳಗಳಿರುವುದಕ್ಕೆ ಆ ಚಿತ್ರ ಸಾಕ್ಷಿಯೇ ಹೊರತು, ಮಿದುಳಿನ ದ್ರವ ಅವುಗಳಲ್ಲಿ ಎಷ್ಟು ಹರಿಯುತ್ತದೆ ಎಂಬುದಕ್ಕಲ್ಲ. ಇದನ್ನು ಮರೆತೇ ಬಹಳಷ್ಟು ಬರಹಗಳು ಬಂದಿವೆ.

ನಿದ್ದೆಯಲ್ಲಿ ಈ ದ್ರವ ಮಿದುಳಿನ ಕಸವನ್ನು ಹೆಚ್ಚು ತೊಳೆಯುತ್ತದೆ ಎಂದು 2013ರ ಇಲಿ ಪ್ರಯೋಗ ಹೇಳಿತು. 2024ರ ಇನ್ನೊಂದು ತದ್ವಿರುದ್ಧ ಹೇಳಿತು. ವಾದ ಮುಗಿದಿಲ್ಲ. ಇಷ್ಟರಲ್ಲೇ ಚೀನಾದಲ್ಲಿ, ಮಿದುಳಿನ ಕಸ ಬೇಗ ಹೊರಹೋಗಲೆಂದು ಕುತ್ತಿಗೆಯ ದುಗ್ಧನಾಳವನ್ನು ಸಿರೆಗೆ ಹೊಲಿದು ಆಲ್ಝೈಮರ್ ರೋಗಕ್ಕೆ ಚಿಕಿತ್ಸೆ ಎನ್ನುವ ಶಸ್ತ್ರಕ್ರಿಯೆಗಳು ಹಬ್ಬಿದವು. ಸುರಕ್ಷತೆ, ಪರಿಣಾಮ ಎರಡಕ್ಕೂ ಗಟ್ಟಿ ಪುರಾವೆ ಇಲ್ಲವೆಂದು 2025ರ ಜುಲೈನಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಆಯೋಗ ಅದನ್ನು ನಿಷೇಧಿಸಿತು.