ಹಳೆಯ ಓಣಿ, ಅಲ್ಲಿಯವರ ನೆಮ್ಮದಿ: ಒಂದು ಅಧ್ಯಯನ ಟಿಪ್ಪಣಿ

ಹಳೆಯ ವಸತಿ ಪ್ರದೇಶಗಳ ಜನರ ಯೋಗಕ್ಷೇಮವನ್ನು ಓದಲು ತೊಡಗಿದವರು ಮೊದಲು ಎಡವುವುದು ಮನೆಯ ವಯಸ್ಸನ್ನೇ ಕಾರಣವೆಂದು ಬರೆದುಕೊಳ್ಳುವಲ್ಲಿ. ಮನೆ ಹಳೆಯದೆಂಬುದು ತಾನಾಗಿ ಯಾರನ್ನೂ ಕಾಡುವುದಿಲ್ಲ. ನೀರು, ಗೋಡೆಯ ತೇವ, ಒಡೆತನ, ನೆರೆಹೊರೆ ಇವುಗಳ ಮೂಲಕವೇ ಅದು ಕೆಲಸ ಮಾಡುತ್ತದೆ.

ಹುಬ್ಬಳ್ಳಿ-ಧಾರವಾಡದಲ್ಲಿ ನೀರಿನಿಂದಲೇ ಆರಂಭಿಸುವುದು ಉಚಿತ. ಹಲವು ದಿನಗಳಿಗೊಮ್ಮೆ ನಲ್ಲಿ ಬರುವ ಓಣಿಯಲ್ಲಿ ಮನೆಯ ಹೆಂಗಸರ ದಿನಚರಿ, ನಿದ್ದೆ, ಊರಿಗೆ ಹೋಗುವ ಯೋಜನೆ ಎಲ್ಲವೂ ನೀರು ಬಿಡುವ ಹೊತ್ತಿಗೆ ಹೊಂದಿಕೊಳ್ಳಬೇಕಾಗುತ್ತದೆ. 2008ರ ಸುಮಾರಿಗೆ ಅವಳಿ ನಗರದ ಕೆಲವು ವಾರ್ಡುಗಳಲ್ಲಿ ಪ್ರಾಯೋಗಿಕವಾಗಿ ನಿರಂತರ ನೀರು ಆರಂಭವಾಯಿತು. ಅಂಥ ವಾರ್ಡುಗಳನ್ನು ಉಳಿದವುಗಳೊಂದಿಗೆ ಹೋಲಿಸಿ 2010ರಿಂದ 2012ರವರೆಗೆ ನಡೆದ ಅಧ್ಯಯನದಲ್ಲಿ ಐದು ವರ್ಷದೊಳಗಿನ ಮಕ್ಕಳ ಅತಿಸಾರದಲ್ಲಿ ಒಟ್ಟಾರೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆದರೆ ಮನೆಮಂದಿ ತಿಳಿಸಿದ ವಿಷಮಶೀತ ಜ್ವರದ ಪ್ರಕರಣಗಳು ನಿರಂತರ ನೀರಿದ್ದಲ್ಲಿ ಕಡಿಮೆಯಿದ್ದವು, ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆಯಿತ್ತು. ಸರಾಸರಿಯೊಂದನ್ನೇ ನೋಡಿದ್ದರೆ ಈ ಲಾಭ ಕಣ್ಣಿಗೆ ಬೀಳುತ್ತಿರಲಿಲ್ಲ.

ತೇವದ ವಿಷಯ ಬೇರೆ. ಹಳೆಯ ಕಲ್ಲು-ಮಣ್ಣಿನ ಗೋಡೆಗಳ ಬುಡದಲ್ಲಿ ತೇವ ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ನೆಲದ ನೀರು ಮೇಲೇರುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾವು ಬಳಿದರೆ ಒಳಗಿನ ತೇವ ಹೊರಬೀಳಲಾಗದೆ ಬೂಷ್ಟು ಹಿಡಿಯುತ್ತದೆ. ರಿಪೇರಿಯೇ ರೋಗವಾಗುವುದು ಹೀಗೆ. ಎರೆಮಣ್ಣಿನ ನೆಲವಾದರೆ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಗೋಡೆಯನ್ನು ಬಿರಿಸುತ್ತದೆ. ಅಣ್ಣತಮ್ಮಂದಿರ ಪಾಲು ಇತ್ಯರ್ಥವಾಗದ ವಾಡೆಗಳಲ್ಲಿ ಆ ಬಿರುಕನ್ನು ಯಾರು ಮುಚ್ಚಬೇಕೆಂಬುದೇ ತೀರ್ಮಾನವಾಗಿರುವುದಿಲ್ಲ.

ಇಷ್ಟಾದರೂ ಹಳೆಯ ಹುಬ್ಬಳ್ಳಿಯ ಓಣಿಗಳಲ್ಲಿ ಕೇಳಿದರೆ ಹಿರಿಯರು “ನಮಗೇನ್ ಕಡಿಮಿ ಐತ್ರಿ” ಎಂದಾರು. ಇದನ್ನು ಬರೀ ಸಂಕೋಚವೆಂದು ತಳ್ಳಿಹಾಕಬಾರದು. ಮನೆ ಮುಂದಿನ ಕಟ್ಟೆ, ಕರೆದರೆ ಓಗೊಡುವ ನೆರೆಯವರು, ನಡೆದು ಹೋಗುವಷ್ಟು ಸಮೀಪದ ಮಠ, ಸಂತೆ ಇವೆಲ್ಲ ನಿಜವಾದ ಆಸರೆಗಳು. ಕಟ್ಟೆಯ ಮುಂದಿನ ಜಾಗವನ್ನು ಬೈಕುಗಳು ಆವರಿಸಿದಲ್ಲಿ ಆ ಆಸರೆಯೂ ಸವೆಯುತ್ತದೆ. ಆದರೂ ಆ ಉತ್ತರದಲ್ಲಿ ರೂಢಿಯ ಪಾಲೂ ಇದೆ: ನಲವತ್ತು ವರ್ಷ ಸಹಿಸಿದ ಕೊರತೆ ಕೊರತೆಯಾಗಿ ತೋರುವುದಿಲ್ಲ. ಆದ್ದರಿಂದ ಅಳತೆಗೋಲುಗಳನ್ನು ಬೆರೆಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಯೋಗಕ್ಷೇಮ ಸೂಚ್ಯಂಕವು ಕಳೆದ ಎರಡು ವಾರಗಳ ಮನಸ್ಥಿತಿಯನ್ನು ಅಳೆಯುತ್ತದೆ. ಗರಿಷ್ಠ 25 ಅಂಕ, ಅದನ್ನು 4ರಿಂದ ಗುಣಿಸಿದರೆ 100. ಮನೆಯ ಬಗೆಗಿನ ತೃಪ್ತಿ ಅದರಲ್ಲಿ ಸಿಗುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಕೇಳಬೇಕು.

ಇನ್ನೊಂದು ತೊಡಕು: ಅನುಕೂಲವಿದ್ದವರಲ್ಲಿ ಅನೇಕರು ವಿದ್ಯಾನಗರಕ್ಕೋ ಕೇಶ್ವಾಪುರಕ್ಕೋ ಹೋಗಿಬಿಟ್ಟಿರುತ್ತಾರೆ, ಉಳಿದವರಲ್ಲಿ ವಯಸ್ಸಾದವರೂ ಬಾಡಿಗೆದಾರರೂ ಹೆಚ್ಚಿರಬಹುದು. ಒಮ್ಮೆ ಮಾತ್ರ ನಡೆಸಿದ ಸಮೀಕ್ಷೆಯಲ್ಲಿ ಓಣಿಯ ಪರಿಣಾಮವನ್ನೂ ಉಳಿದವರ ಸ್ವಭಾವವನ್ನೂ ಬೇರ್ಪಡಿಸುವುದು ಕಷ್ಟ. ಪ್ರಶ್ನಾವಳಿಯಲ್ಲಿ ಈ ಮನೆಗೆ ಯಾವ ವರ್ಷ ಬಂದಿರಿ, ಬಿಟ್ಟುಹೋಗುವ ವಿಚಾರವಿತ್ತೇ, ಇದ್ದರೆ ಯಾಕೆ ಹೋಗಲಿಲ್ಲ ಎಂಬ ಮೂರು ಪ್ರಶ್ನೆಗಳನ್ನಾದರೂ ಸೇರಿಸಿಕೊಳ್ಳಿ.