ಅಪವರ್ತನ ತೋರಿಸಿ ಅನ್ನುವವರಿಗೆ

ದೊಡ್ಡ ಸಂಖ್ಯೆಗಳನ್ನು ಪರೀಕ್ಷಿಸುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಒಂದು ಸಂಖ್ಯೆ ಅವಿಭಾಜ್ಯ ಅಲ್ಲ ಅಂತ ಹೇಳಿದ ಕೂಡಲೇ ಎದುರಿಗಿದ್ದವರು ಕೇಳುತ್ತಾರೆ: "ಹಾಗಾದರೆ ಅದು ಯಾವುದರಿಂದ ಭಾಗವಾಗುತ್ತದೆ?" ಗೊತ್ತಿಲ್ಲ ಅನ್ನುತ್ತೇನೆ. "ಗೊತ್ತಿಲ್ಲದೆ ಹೇಗೆ ಹೇಳಿದಿರಿ?" ವರ್ಷಗಳಿಂದ ಇದೇ ಮಾತು. ನಿಜವಾಗಲೂ ಸಾಕಾಗಿದೆ.

ಅಪವರ್ತನ ಇದೆ ಅಂತ ತಿಳಿಯುವುದು ಒಂದು ಕೆಲಸ, ಅದನ್ನು ಹುಡುಕಿ ತೆಗೆಯುವುದು ಬೇರೆಯದೇ ಕೆಲಸ.

91 ತಗೊಳ್ಳಿ. ಅದರ ಅಪವರ್ತನಗಳನ್ನು ಸದ್ಯಕ್ಕೆ ಮರೆತುಬಿಡಿ. 91 ಅವಿಭಾಜ್ಯ ಆಗಿದ್ದರೆ, 2ರ 90ನೇ ಘಾತವನ್ನು ಅದರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಇದು ಗಣಿತಜ್ಞ ಫರ್ಮಾ ಕಂಡ ನಿಯಮ. ಈಗ ಲೆಕ್ಕ ಹಾಕಿ. 2ರ 12ನೇ ಘಾತ 4096, ಶೇಷ 1. 84 ಅಂದರೆ 12ರ ಏಳು ಪಟ್ಟು, ಹಾಗಾಗಿ 84ನೇ ಘಾತಕ್ಕೂ ಶೇಷ 1. ಇನ್ನು ಆರು ಎರಡುಗಳು ಉಳಿದವು, ಗುಣಿಸಿದರೆ 64. ಶೇಷ 64 ಬಂತು, 1 ಬರಲಿಲ್ಲ. ಅಲ್ಲಿಗೆ ತೀರ್ಮಾನವಾಯಿತು. 7 ಅಥವಾ 13ರ ಹೆಸರನ್ನೇ ಎತ್ತಲಿಲ್ಲ, ಅಲ್ವಾ?

ಉಲ್ಟಾ ಹೇಳಬೇಡಿ ಮಾತ್ರ. ಶೇಷ 1 ಬಂದರೆ ಅವಿಭಾಜ್ಯವೇ ಅಂತ ಅಲ್ಲ. 341 ಕೂಡ 2ರ ಪರೀಕ್ಷೆ ದಾಟುತ್ತದೆ, ಆದರೆ ಅದು 11 ಗುಣಿಸು 31. ಅದಕ್ಕೇ ನಾವು ಬೇರೆ ಬೇರೆ ಸಂಖ್ಯೆಗಳಿಂದ, ಇನ್ನೂ ಬಿಗಿಯಾದ ಪರೀಕ್ಷೆಗಳಿಂದ ನೋಡುತ್ತೇವೆ.

ಒಬ್ಬ ಹುಡುಗ 200 ಅಂಕಿಯ ಸಂಖ್ಯೆಯೊಂದನ್ನು ವಾರದಿಂದ ಭಾಗಿಸುತ್ತಾ ಕೂತಿದ್ದ, ಕಂಪ್ಯೂಟರ್ ಆಫ್ ಮಾಡದೆ. ಪಾಪ, ಒಂದು ಅಪವರ್ತನವೂ ಸಿಕ್ಕಿರಲಿಲ್ಲ, ಹಾಗಾಗಿ ಅವಿಭಾಜ್ಯವೇ ಇರಬೇಕು ಅಂದುಕೊಂಡಿದ್ದ. ನನ್ನ ಪ್ರೋಗ್ರಾಂ ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲ ಅಂದಿತು. ವರ್ಗ ಮಾಡು, ಶೇಷ ತೆಗೆ, ಮತ್ತೆ ವರ್ಗ ಮಾಡು, ಹೀಗೆ ಏಳುನೂರು ಸಲಕ್ಕಿಂತ ಕಡಿಮೆಯಲ್ಲೇ ಅಷ್ಟು ದೊಡ್ಡ ಘಾತ ಮುಗಿದುಹೋಗುತ್ತದೆ. ಅವನು ನಂಬದೆ ಇನ್ನೂ ಒಂದು ವಾರ ಭಾಗಿಸಿದ. ಆ ಹಟ ನನಗೆ ತುಂಬ ಇಷ್ಟವಾಯಿತು, ಆದರೆ ಅಪವರ್ತನ ಸಿಗಲಿಲ್ಲ.

ಇದು ಹಳೆಯ ಕಥೆಯೇ. 2ರ 67ನೇ ಘಾತದಿಂದ 1 ಕಳೆದರೆ ಅವಿಭಾಜ್ಯ ಸಿಗುತ್ತದೆ ಅಂತ 1644ರಲ್ಲಿ ಗಣಿತಜ್ಞ ಮರ್ಸೆನ್ ಬರೆದಿದ್ದ. ಅಲ್ಲ ಅಂತ 1876ರಲ್ಲಿ ಲೂಕಾ ತೋರಿಸಿದ, ಅಪವರ್ತನ ಕೊಡದೆ. ಅದು 193707721 ಗುಣಿಸು 761838257287 ಅಂತ ಕೋಲ್ ಹೇಳಿದ್ದು 1903ರಲ್ಲಿ. ನಡುವಿನ 27 ವರ್ಷ ಲೂಕಾನ ಮಾತು ಸುಳ್ಳಾಗಿತ್ತೇ?

2024ರಲ್ಲಿ ಸಿಕ್ಕ ಅತಿ ದೊಡ್ಡ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. ಅದನ್ನೂ ಸುಮ್ನೆ ಭಾಗಿಸುತ್ತಾ ಹೋಗಿ ಕಂಡುಹಿಡಿದದ್ದಲ್ಲ. ಮೊದಲು ಫರ್ಮಾ ತರಹದ ಪರೀಕ್ಷೆ, ಆಮೇಲೆ ಅವಿಭಾಜ್ಯ ಹೌದೋ ಅಲ್ಲವೋ ಅಂತ ಖಚಿತವಾಗಿ ಹೇಳುವ ಲೂಕಾ-ಲೇಮರ್ ಪರೀಕ್ಷೆ.

ಇನ್ನೂ ಅಪವರ್ತನ ಬೇಕೇ ಬೇಕು ಅನ್ನುವವರು 2ರ 1277ನೇ ಘಾತದಿಂದ 1 ಕಳೆದು ನೋಡಿ. ಬರೀ 385 ಅಂಕಿ. ಅವಿಭಾಜ್ಯ ಅಲ್ಲ ಅಂತ ಖಚಿತವಾಗಿದೆ, ಆದರೆ ಒಂದು ಅಪವರ್ತನವೂ ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ. ನಿಮಗೆ ಸಿಕ್ಕರೆ ದಯವಿಟ್ಟು ನನಗೆ ತಿಳಿಸಿ.