ಹಳೆಯ ಅಂಬಾಸಿಡರ್ ಎಂಜಿನ್: ಎಲ್ಲಿ ಹಿಡಿಯಬೇಕು, ಹೇಗೆ ಒಯ್ಯಬೇಕು

ಈ ಟಿಪ್ಪಣಿಗೆ ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ನನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಅದರ ಬ್ಲಾಕ್ (ಎಂಜಿನ್ನಿನ ಮುಖ್ಯ ಒಡಲು) ಮತ್ತು ಹೆಡ್ (ಅದರ ಮೇಲೆ ಕೂರುವ ಭಾಗ) ಎರಡೂ ಎರಕದ ಕಬ್ಬಿಣದವು. ಗೇರ್‌ಬಾಕ್ಸ್ ಬಿಚ್ಚಿದ ಮೇಲೂ ತೂಕವನ್ನು ಸುಮಾರು 160 ಕೆ.ಜಿ. ಎಂದು ಹಿಡಿದು ಲೆಕ್ಕ ಹಾಕಬಹುದು. ಇಷ್ಟು ಭಾರದ ವಸ್ತುವನ್ನು ಎಂಜಿನ್ ಮೌಂಟಿಂಗ್ ಮತ್ತು ಬ್ಲಾಕಿನ ಹಿಂಬದಿ, ಅಂದರೆ ಕಾರಿನೊಳಗೆ ಅದು ಯಾವ ಜಾಗಗಳಲ್ಲಿ ಆಸರೆ ಪಡೆದಿತ್ತೋ, ಹೊರಗೂ ಅಲ್ಲಿಯೇ ಆಧರಿಸಬೇಕು.

ನಮ್ಮ ಕಡೆ ಎಂಜಿನ್ನನ್ನು ತೊಗರಿಯ ಖಾಲಿ ಗೋಣಿಚೀಲಗಳ ಮೇಲೆ ಕೂರಿಸುವ ರೂಢಿಯಿದೆ. ನೋಡಲು ಮೆತ್ತಗಿದ್ದರೂ ಆಗ ಪೂರ್ತಿ ಭಾರ ಕೆಳಗಿನ ಆಯಿಲ್ ಚೇಂಬರ್, ಅಂದರೆ ಎಣ್ಣೆ ನಿಲ್ಲುವ ತೊಟ್ಟಿಯ ಮೇಲೆ ಬೀಳುತ್ತದೆ. ಅದು ತೆಳು ತಗಡು. ಒಳಕ್ಕೆ ತಗ್ಗಿದರೆ ಎಣ್ಣೆ ಸೋಸುವ ಸ್ಟ್ರೇನರಿಗೆ ತಾಗಿ, ಪಂಪು ಎಣ್ಣೆ ಎಳೆಯುವ ದಾರಿಯೇ ಕಟ್ಟಿಕೊಂಡು, ಎಂಜಿನ್ ಮರುಜೋಡಣೆಯಾದ ಬಳಿಕ ಬೇರಿಂಗ್‌ಗಳು ಸುಟ್ಟುಹೋಗಬಹುದು. ಹೊಟ್ಟೆಗೆ ಹಗ್ಗ ಸುತ್ತುವುದೂ ಸಲ್ಲದು, ಏಕೆಂದರೆ ಒಂದು ಬದಿಯಲ್ಲಿ ಕಾರ್ಬುರೇಟರ್, ಇನ್ನೊಂದು ಬದಿಯಲ್ಲಿ ಡಿಸ್ಟ್ರಿಬ್ಯೂಟರ್ ಇರುವುದರಿಂದ ಹಗ್ಗವು ಯಾವುದನ್ನಾದರೂ ಒತ್ತದೆ ಇರುವುದಿಲ್ಲ.

ಎತ್ತುವಾಗ ಸರಪಳಿಯ ಕೋನವನ್ನು ಗಮನಿಸಬೇಕು. ಎರಡು ಎಳೆಗಳು ನೇರವಾಗಿ ಇಳಿದರೆ ಒಂದೊಂದರ ಮೇಲೆ 80 ಕೆ.ಜಿ. ಬೀಳುತ್ತದೆ. ಎಳೆಯು ನೆಲಕ್ಕೆ ಸಮಾನಾಂತರವಾದ ಗೆರೆಯೊಂದಿಗೆ 60 ಡಿಗ್ರಿ ಕೋನದಲ್ಲಿದ್ದರೆ ಸುಮಾರು 92 ಕೆ.ಜಿ., 45 ಡಿಗ್ರಿಯಲ್ಲಿದ್ದರೆ 113 ಕೆ.ಜಿ., 30 ಡಿಗ್ರಿಗೆ ಇಳಿದರೆ ಒಂದೊಂದು ಎಳೆಯೂ 160 ಕೆ.ಜಿ. ಹೊರಬೇಕಾಗುತ್ತದೆ, ಅಲ್ಲದೆ ಸರಪಳಿ ಸಿಕ್ಕಿಸಿದ ಬೋಲ್ಟುಗಳನ್ನು ಅಡ್ಡಕ್ಕೆ ಬಾಗಿಸುವ ಎಳೆತವೂ ಹೆಚ್ಚುತ್ತದೆ. ಆದ್ದರಿಂದ ಗಿಡ್ಡ ಸರಪಳಿಯನ್ನು ಬಿಗಿದು ಕಟ್ಟುವುದಕ್ಕಿಂತ ಉದ್ದನೆಯದೇ ಸುರಕ್ಷಿತ. ಮೊದಲು ಎರಡು ಬೆರಳಿನಷ್ಟೇ ಎತ್ತಿ, ಯಾವ ಕಡೆಗೆ ವಾಲುತ್ತದೆಂದು ನೋಡಿ, ಇಳಿಸಿ, ಕೊಕ್ಕೆಯ ಜಾಗವನ್ನು ಸರಿಪಡಿಸಬೇಕು. ತೂಗುತ್ತಿರುವ ಎಂಜಿನ್ನಿನ ಕೆಳಗೆ ಕೈ ಹಾಕಲೇಬಾರದು.

ನೆಲದ ಮಾತನ್ನೂ ಇಲ್ಲಿ ಹೇಳಬೇಕು. ಕಲಬುರಗಿಯ ಅನೇಕ ಗ್ಯಾರೇಜುಗಳಲ್ಲಿ ಶಹಾಬಾದ್ ಕಲ್ಲು ಹಾಸಿರುತ್ತಾರೆ. ಎಂಜಿನ್ ಎತ್ತುವ ಕ್ರೇನಿನ ಸಣ್ಣ ಗಾಲಿ ಕಲ್ಲುಗಳ ಸಂದಿನಲ್ಲಿ ಸಿಕ್ಕರೆ ಎತ್ತರದಲ್ಲಿರುವ ಭಾರ ತೂಗಾಡಿ ಇಡೀ ಕ್ರೇನ್ ಉರುಳಬಹುದು. ಕೆಳಗೆ ಟೊಳ್ಳಿದ್ದ ಕಲ್ಲು ಬಿರಿಯಲೂಬಹುದು. ಎಂಜಿನ್ನನ್ನು ಆದಷ್ಟು ತಗ್ಗಿಸಿಕೊಂಡು, ದಪ್ಪ ಪ್ಲೈವುಡ್ ಹಾಸಿ ತಳ್ಳುವುದು ಲೇಸು. ಬ್ಲಾಕಿನ ಹಿಂಬದಿಗೆ ಬೋಲ್ಟ್ ಹಾಕಿ ಎಂಜಿನ್ನನ್ನು ಹಿಡಿದಿಡುವ ಸ್ಟ್ಯಾಂಡಿಗೆ ಏರಿಸುವ ಮುನ್ನ ಕ್ಲಚ್ ಮತ್ತು ಫ್ಲೈವೀಲ್ ಬಿಚ್ಚಿರಬೇಕು.

ಒಯ್ಯಲು ಕಟ್ಟಿಗೆಯ ಚೌಕಟ್ಟು ಸಾಕು. ಭಾರವೆಲ್ಲ ಮೌಂಟಿಂಗ್ ಮತ್ತು ಹಿಂಬದಿಯ ಅಂಚಿನ ಮೇಲೆ ಕೂತು, ಚೇಂಬರ್ ಕೆಳಗೆ ಮೂರು ಬೆರಳು ಜಾಗ ಉಳಿಯುವಂತೆ ಅದನ್ನು ಕಟ್ಟಬೇಕು. ಸಾಗಣೆಯ ಲೆಕ್ಕದಲ್ಲಿ ಮುಂದಕ್ಕೆ ತೂಕದ 0.8 ಪಾಲು, ಅಕ್ಕಪಕ್ಕ ಹಾಗೂ ಹಿಂದಕ್ಕೆ 0.5 ಪಾಲು ಬಲವನ್ನು ತಡೆಯಬೇಕೆಂದು ಹಿಡಿಯುತ್ತಾರೆ. ಇಲ್ಲಿ ಅದು 128 ಮತ್ತು 80 ಕೆ.ಜಿ. ಆಗುತ್ತದೆ. ಹಾಗಾಗಿ ಚೌಕಟ್ಟನ್ನು ಗಾಡಿಯ ಮುಂದಿನ ಗೋಡೆಗೆ ಒತ್ತಿ ಇರಿಸಿ, ನಾಲ್ಕೂ ಮೂಲೆಗೆ ಬೆಲ್ಟ್ ಬಿಗಿಯಬೇಕು. ಎಣ್ಣೆ, ನೀರು ಮೊದಲೇ ಇಳಿಸಿ, ಎಲ್ಲ ತೂತುಗಳನ್ನು ಮುಚ್ಚಬೇಕು. ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು ಸಣ್ಣ ಸಂದನ್ನೂ ಬಿಡುವುದಿಲ್ಲ. ಕಲಬುರಗಿಯಿಂದ ಬೀದರಿಗೆ ಹೊರಟಿದ್ದರೆ ಊರು ದಾಟಿದ ಕೂಡಲೆ ಒಮ್ಮೆ, ದಾರಿಯಲ್ಲಿ ಸಿಗುವ ಕಮಲಾಪುರದಲ್ಲಿ ಮತ್ತೊಮ್ಮೆ ನಿಲ್ಲಿಸಿ ಬೆಲ್ಟುಗಳನ್ನು ಬಿಗಿಗೊಳಿಸಬೇಕು, ಏಕೆಂದರೆ ಕುಲುಕಾಟಕ್ಕೆ ಕಟ್ಟಿಗೆ ಕುಳಿತಷ್ಟೂ ಅವು ಸಡಿಲಾಗುತ್ತವೆ.